‘ಯಾಕೆ’ ಇಲ್ಲದ ಟ್ರಿಕ್ ನಮಗೆ ಬೇಡ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

7,38,523. ಈ ಸಂಖ್ಯೆ ಪೂರ್ಣ ವರ್ಗವೇ? ಅಂದರೆ ಯಾವುದಾದರೂ ಒಂದು ಪೂರ್ಣ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಇದು ಬರುತ್ತದೆಯೇ? ಕ್ಯಾಲ್ಕ್ಯುಲೇಟರ್ ತೆಗೆಯಬೇಕಾಗಿಲ್ಲ. ಉತ್ತರ ‘ಇಲ್ಲ’. ಕೊನೆಯ ಅಂಕಿ 3 ಇದೆ, ಅಷ್ಟು ಸಾಕು. ಪೂರ್ಣ ವರ್ಗ ಸಂಖ್ಯೆಯ ಕೊನೆಯ ಅಂಕಿ 0, 1, 4, 5, 6, 9 ಇವುಗಳಲ್ಲಿ ಒಂದೇ ಆಗಿರಬೇಕು. 2, 3, 7, 8 ಯಾವತ್ತೂ ಬರುವುದಿಲ್ಲ.

ಬ್ಯಾಂಕ್ ಪರೀಕ್ಷೆಗೋ ಸಿಎ ಫೌಂಡೇಶನ್‌ಗೋ ತಯಾರಿ ಮಾಡುತ್ತಿರುವ ಗೆಳೆಯರಿಗೆ ಇದು ಹೊಸದಲ್ಲ. ವಿಡಿಯೋಗಳಲ್ಲಿ ಇದನ್ನು ‘ಎರಡು ಸೆಕೆಂಡಿನ ಟ್ರಿಕ್’ ಎಂದು ಹೇಳಿಕೊಡುತ್ತಾರೆ. ಮುಂದಿನ ಎರಡು ಸೆಕೆಂಡಿಗೆ ಇನ್ನೊಂದು ಟ್ರಿಕ್. ಹೀಗೆ ಒಂದು ಗಂಟೆಯಲ್ಲಿ ನಲವತ್ತು ಟ್ರಿಕ್ ನೋಟ್‌ಬುಕ್ಕಿಗೆ ಬರುತ್ತವೆ. ಆದರೆ ಯಾವುದರ ಮುಂದೆಯೂ ‘ಯಾಕೆ’ ಎಂಬ ಪ್ರಶ್ನೆ ಇರುವುದಿಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು: ಕಾರಣ ಗೊತ್ತಿಲ್ಲದ ಟ್ರಿಕ್ ನಮ್ಮದಲ್ಲ, ಅದು ಸಾಲ ತಂದ ವಸ್ತು. ನಮ್ಮ ಕಾಲೇಜಿನಲ್ಲಿ, ಅದರಲ್ಲೂ ಕಾಮರ್ಸ್ ತರಗತಿಗಳಲ್ಲಿ, ಪ್ರತಿ ಟ್ರಿಕ್ಕಿನ ಜೊತೆಗೂ ಕಾರಣ ಕೇಳುವ ರೂಢಿ ಬರಬೇಕು. ಇದಕ್ಕೆ ವರ್ಗ ಸಂಖ್ಯೆಗಳ ಅಂಕಿಗಳಿಗಿಂತ ಒಳ್ಳೆಯ ಪಾಠ ಇಲ್ಲ. ಯಾಕೆಂದರೆ ಇಲ್ಲಿ ಕಾರಣ ತಿಳಿಯಲು ಏಳನೇ ತರಗತಿಯ ಗುಣಾಕಾರ ಬಂದರೆ ಸಾಕು.

ಮೊದಲ ಟ್ರಿಕ್ಕಿನ ಕಾರಣವನ್ನೇ ನೋಡೋಣ. 47ನ್ನು 47ರಿಂದ ಗುಣಿಸುವಾಗ ಬಿಡಿ ಸ್ಥಾನಕ್ಕೆ ಏನು ಬರುತ್ತದೆ? 7 × 7 = 49, ಅದರ 9. ಉಳಿದ ಗುಣಾಕಾರಗಳಲ್ಲೆಲ್ಲ 40 ಇದೆ, ಆದ್ದರಿಂದ ಅವು ಹತ್ತರ ಸ್ಥಾನದಿಂದ ಆಚೆಗೆ ಹೋಗುತ್ತವೆ. ಬಿಡಿ ಸ್ಥಾನವನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಸಂಖ್ಯೆ ಎಷ್ಟೇ ದೊಡ್ಡದಿರಲಿ, ವರ್ಗದ ಕೊನೆಯ ಅಂಕಿಯನ್ನು ತೀರ್ಮಾನಿಸುವುದು ಮೂಲ ಸಂಖ್ಯೆಯ ಕೊನೆಯ ಅಂಕಿ ಮಾತ್ರ. ಕೊನೆಯ ಅಂಕಿಗಳು ಇರುವುದೇ ಹತ್ತು. 0ಯಿಂದ 9ರವರೆಗೆ ವರ್ಗ ಮಾಡಿ ಕೊನೆಯ ಅಂಕಿ ಬರೆದರೆ: 0, 1, 4, 9, 6, 5, 6, 9, 4, 1. ಇದರಲ್ಲಿ 2, 3, 7, 8 ಇಲ್ಲ. ಮುಗಿಯಿತು.

ಇಲ್ಲಿ ಏನಾಯಿತು ಎಂದು ಗಮನಿಸಿ. ಸಂಖ್ಯೆಗಳಿಗೆ ಕೊನೆಯೇ ಇಲ್ಲ. ಅವನ್ನೆಲ್ಲ ಒಂದೊಂದಾಗಿ ಯಾರೂ ಪರೀಕ್ಷಿಸಲಾರರು. ಆದರೂ ಹತ್ತೇ ಹತ್ತು ಗುಣಾಕಾರದಿಂದ ಎಲ್ಲ ಸಂಖ್ಯೆಗಳ ಬಗ್ಗೆ ಖಚಿತವಾಗಿ ಹೇಳಿಬಿಟ್ಟೆವು. ‘ಎರಡು ಸೆಕೆಂಡಿನ ಟ್ರಿಕ್’ ಎಂದಷ್ಟೇ ಕಲಿತವನಿಗೆ ಈ ಸಂತೋಷ ಸಿಗುವುದಿಲ್ಲ. ಅವನಿಗೆ ಸಿಗುವುದು ಆರು ಅಂಕಿಗಳ ಪಟ್ಟಿ, ಅದೂ ಪರೀಕ್ಷೆಯ ಗಾಬರಿಯಲ್ಲಿ ಮರೆತುಹೋಗುವಂಥದ್ದು. ಕಾರಣ ತಿಳಿದವನು ಪಟ್ಟಿ ಮರೆತರೂ ಅರ್ಧ ನಿಮಿಷದಲ್ಲಿ ಮತ್ತೆ ಬರೆದುಕೊಳ್ಳುತ್ತಾನೆ.

ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮೊದಲ 0 ಬಿಟ್ಟರೆ 1, 4, 9, 6, 5, 6, 9, 4, 1. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಯಾಕೆ? 7 ಅಂದರೆ 10ರಲ್ಲಿ 3 ಕಡಿಮೆ. ಅದರ ವರ್ಗ 100 − 60 + 9. ನೂರು, ಅರವತ್ತು ಇವು ಬಿಡಿ ಸ್ಥಾನವನ್ನು ಮುಟ್ಟುವುದಿಲ್ಲ, 9 ಮಾತ್ರ ಉಳಿಯುತ್ತದೆ. ಅದು 3ರ ವರ್ಗ. ಹಾಗೆಯೇ 2ಕ್ಕೆ 8, 4ಕ್ಕೆ 6, 1ಕ್ಕೆ 9 ಜೊತೆ.

ಈಗ ಎಲ್ಲರಿಗೂ ಇಷ್ಟವಾದ ಇನ್ನೊಂದು ಟ್ರಿಕ್. 5ರಲ್ಲಿ ಕೊನೆಯಾಗುವ ಸಂಖ್ಯೆಯ ವರ್ಗ. 35ರ ವರ್ಗ ಬೇಕೆಂದರೆ 3ನ್ನು ಅದರ ಮುಂದಿನ 4ರಿಂದ ಗುಣಿಸಿ 12 ಬರೆಯಿರಿ, ಪಕ್ಕದಲ್ಲಿ 25 ಇಡಿ: 1225. 995ಕ್ಕೂ ಇದೇ ದಾರಿ: 99 × 100 = 9900, ಪಕ್ಕದಲ್ಲಿ 25, ಉತ್ತರ 9,90,025. ಜಾದೂ ಅನ್ನಿಸುತ್ತದೆ. ಆದರೆ 35ನ್ನು 30 + 5 ಎಂದು ಬಿಡಿಸಿ. ವರ್ಗ ಮಾಡಿದರೆ 30 × 30, ಎರಡು ಸಲ 30 × 5, ಕೊನೆಗೆ 5 × 5. ಎರಡು ಸಲ 30 × 5 ಅಂದರೆ 30 × 10. ಅದನ್ನು ಮೊದಲ 30 × 30ಕ್ಕೆ ಸೇರಿಸಿದರೆ 30 × 40. ಉಳಿದದ್ದು 25. ಜಾದೂ ಇಷ್ಟೇ. ಎರಡು ಐದು ಸೇರಿ ಹತ್ತಾಗುವುದರಿಂದ 3ರ ಪಕ್ಕದಲ್ಲಿ 4 ಬಂತು. ಇದು 5ಕ್ಕೆ ಮಾತ್ರ ಯಾಕೆ ನಡೆಯುತ್ತದೆ, 6ಕ್ಕೆ ಯಾಕೆ ನಡೆಯುವುದಿಲ್ಲ ಎಂಬುದೂ ಇದರಲ್ಲೇ ಗೊತ್ತಾಯಿತು. ಟ್ರಿಕ್ ಮಾತ್ರ ಕಲಿತವರು 36ರ ವರ್ಗ ಕೇಳಿದಾಗ ಕೈಚೆಲ್ಲುತ್ತಾರೆ.

ಇನ್ನೊಂದು ನಿಯಮ ಅಷ್ಟಾಗಿ ಪ್ರಸಿದ್ಧವಲ್ಲ, ಆದರೆ ತುಂಬ ಉಪಯೋಗದ್ದು. 16, 36, 196, 256, 576, 676. ಇವೆಲ್ಲ 6ರಲ್ಲಿ ಕೊನೆಯಾಗುವ ವರ್ಗಗಳು. ಇವುಗಳ ಹತ್ತರ ಸ್ಥಾನ ನೋಡಿ: 1, 3, 9, 5, 7, 7. ಎಲ್ಲ ಬೆಸ. ಈಗ 6ರಲ್ಲಿ ಕೊನೆಯಾಗದ ವರ್ಗಗಳು: 25, 49, 64, 81, 121, 144, 169, 289. ಹತ್ತರ ಸ್ಥಾನ ಎಲ್ಲ ಸಮ. ಕಾರಣ ಮತ್ತೆ ಅದೇ ಬಿಡಿಸುವ ಲೆಕ್ಕ. 47 ಅಂದರೆ 40 + 7. ವರ್ಗದಲ್ಲಿ 40 × 40 ನೂರರ ಸ್ಥಾನದಾಚೆಗೆ ಹೋಗುತ್ತದೆ. 40 × 7 ಎರಡು ಸಲ ಬರುತ್ತದೆ. ಎರಡು ಸಲ ಬರುವುದರಿಂದ ಅದು ಹತ್ತರ ಸ್ಥಾನಕ್ಕೆ ಕೊಡುವುದು ಯಾವಾಗಲೂ ಸಮ ಸಂಖ್ಯೆ. ಇನ್ನು ಉಳಿದದ್ದು ಕೊನೆಯ ಅಂಕಿಯ ವರ್ಗ. 00, 01, 04, 09, 16, 25, 36, 49, 64, 81 ಇವುಗಳಲ್ಲಿ ಹತ್ತರ ಸ್ಥಾನ ಬೆಸ ಇರುವುದು 16 ಮತ್ತು 36ರಲ್ಲಿ ಮಾತ್ರ. ಅವೆರಡೇ 6ರಲ್ಲಿ ಕೊನೆಯಾಗುವುದು.

ಹಾಗಾದರೆ ವರ್ಗ ಸಂಖ್ಯೆಗಳ ಕೊನೆಯ ಎರಡು ಅಂಕಿಗಳು ಎಷ್ಟು ರೀತಿ ಇರಬಹುದು? 00ಯಿಂದ 99ರವರೆಗೆ ನೂರು ರೀತಿಗಳಲ್ಲಿ 22 ಮಾತ್ರ. 53ರ ವರ್ಗ 2809, 47ರ ವರ್ಗ 2209, 3ರ ವರ್ಗ 09. ಮೂರಕ್ಕೂ ಕೊನೆ ಒಂದೇ. 50ಕ್ಕೆ ಎಷ್ಟು ಸೇರಿಸಿದರೂ ಕಳೆದರೂ ಕೊನೆಯ ಎರಡು ಅಂಕಿ ಆ ಸೇರಿಸಿದ ಸಂಖ್ಯೆಯ ವರ್ಗದ್ದೇ. ಹಾಗಾಗಿ 0ಯಿಂದ 25ರವರೆಗೆ ನೋಡಿದರೆ ಸಾಕು. ಅದರಲ್ಲಿ 0, 10, 20ಕ್ಕೆ ಒಂದೇ ಕೊನೆ, 5, 15, 25ಕ್ಕೆ ಒಂದೇ ಕೊನೆ. 26ರಲ್ಲಿ 4 ಕಡಿಮೆಯಾಗಿ 22. ಬೇಕಾದರೆ ಬರೆದು ನೋಡಿ.

ಇಲ್ಲಿಯವರೆಗೆ ಹೇಳಿದ್ದನ್ನು ಓದಿ ಯಾರಾದರೂ ಹೀಗೆ ಕೇಳಬಹುದು: ಮಾದರಿ ಕಣ್ಣಿಗೇ ಕಾಣುತ್ತಿದೆಯಲ್ಲ, ಕಾರಣ ಯಾಕೆ ಬೇಕು? ಇದಕ್ಕೆ ಉತ್ತರವಾಗಿ ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿ ಇಡುತ್ತೇನೆ.

ಮೊದಲನೆಯದು:
11 × 11 = 121
111 × 111 = 12321
1111 × 1111 = 1234321
11111 × 11111 = 123454321

ಎರಡನೆಯದು:
67 × 67 = 4489
667 × 667 = 444889
6667 × 6667 = 44448889
66667 × 66667 = 4444488889

ಎರಡೂ ಚೆಂದ. ಎರಡೂ ಮುಂದುವರಿಯುತ್ತಲೇ ಇರುತ್ತವೆ ಎಂದು ಕಣ್ಣು ಹೇಳುತ್ತದೆ. ಮೊದಲನೆಯದರಲ್ಲಿ ಒಂಬತ್ತು ಒಂದುಗಳವರೆಗೆ ಹೋದರೂ 12345678987654321 ಎಂದು ಸರಿಯಾಗಿಯೇ ಬರುತ್ತದೆ. ಒಂಬತ್ತು ಸಲ ಸರಿ ಬಂದ ಮೇಲೆ ಹತ್ತನೆಯ ಸಲವೂ ಸರಿ ಎಂದು ಯಾರಾದರೂ ಕಣ್ಣುಮುಚ್ಚಿ ಬರೆಯಬಹುದು. ಆದರೆ ಹತ್ತು ಒಂದುಗಳ ವರ್ಗ 1234567900987654321. ಮಧ್ಯದಲ್ಲಿ 8 ಮಾಯ, ಎರಡು ಸೊನ್ನೆ ಬಂದು ಕೂತಿವೆ. ಮಾದರಿ ಮುರಿಯಿತು.

ಎರಡನೆಯದು ಎಷ್ಟು ದೂರ ಹೋದರೂ ಮುರಿಯುವುದಿಲ್ಲ. ಎರಡಕ್ಕೂ ಏನು ವ್ಯತ್ಯಾಸ?

111ನ್ನು 111ರಿಂದ ಉದ್ದಕ್ಕೆ ಬರೆದು ಗುಣಿಸಿ. ಮೂರು ಸಾಲುಗಳಲ್ಲಿ ಒಂದುಗಳು, ಒಂದೊಂದು ಸಾಲು ಒಂದೊಂದು ಸ್ಥಾನ ಎಡಕ್ಕೆ ಸರಿದು ನಿಲ್ಲುತ್ತವೆ. ಕಂಬಗಳನ್ನು ಕೂಡಿದರೆ 1, 2, 3, 2, 1. ಅಂದರೆ ಪ್ರತಿ ಅಂಕಿ ಆ ಕಂಬದಲ್ಲಿ ಎಷ್ಟು ಒಂದುಗಳಿವೆ ಎಂಬ ಎಣಿಕೆ. ಹತ್ತು ಒಂದುಗಳಾದಾಗ ನಡುವಿನ ಕಂಬದಲ್ಲಿ ಹತ್ತು ಆಗುತ್ತದೆ. ಸೊನ್ನೆ ಬರೆದು ಕೈಯಲ್ಲಿ ಒಂದು ಉಳಿಸಿಕೊಳ್ಳಬೇಕು. ಇದನ್ನೇ ನಮ್ಮ ಮನೆಗಳಲ್ಲಿ ‘ಹಾಸಿಲ್ ಏಕ್’ ಅನ್ನುತ್ತಾರೆ. ಆ ಹಾಸಿಲ್ ಪಕ್ಕದ 9ನ್ನು ಹತ್ತು ಮಾಡುತ್ತದೆ, ಅದರ ಹಾಸಿಲ್ ಮುಂದಿನ 8ನ್ನು 9 ಮಾಡುತ್ತದೆ. ಮಾದರಿ ಕೆಟ್ಟದ್ದು ಹೀಗೆ.

67ರದ್ದು ಬೇರೆ ಕಥೆ. 67ನ್ನು 3ರಿಂದ ಗುಣಿಸಿದರೆ 201. 667ನ್ನು ಗುಣಿಸಿದರೆ 2001. 201ರ ವರ್ಗ 40401. ಮೂರರಿಂದ ಗುಣಿಸಿದ್ದರಿಂದ ವರ್ಗ ಒಂಬತ್ತು ಪಟ್ಟಾಗಿದೆ, ಹಾಗಾಗಿ 9ರಿಂದ ಭಾಗಿಸಬೇಕು. 40,000 ಅಂದರೆ ನಾಲ್ಕು 9999 ಮತ್ತು 4. 400 ಅಂದರೆ ನಾಲ್ಕು 99 ಮತ್ತು 4. ಉಳಿದ 4, 4, 1 ಸೇರಿ 9. ಎಲ್ಲವನ್ನೂ 9ರಿಂದ ಭಾಗಿಸಿದರೆ 4444 + 44 + 1. ಕೂಡಿದರೆ 4489. ಮುಂದಿನದಕ್ಕೆ 444444 + 444 + 1, ಅಂದರೆ 444889. ನಾಲ್ಕು ಮತ್ತು ನಾಲ್ಕು ಎಂಟು, ಕೊನೆಯ ಎಂಟಕ್ಕೆ ಒಂದು ಸೇರಿ ಒಂಬತ್ತು. ಎಲ್ಲೂ ಹಾಸಿಲ್ ಬರುವುದೇ ಇಲ್ಲ. ಸಂಖ್ಯೆ ಎಷ್ಟು ಉದ್ದವಾದರೂ ಬರುವುದಿಲ್ಲ. ಅದಕ್ಕೇ ಇದು ಮುರಿಯುವುದಿಲ್ಲ.

ಕಣ್ಣಿಗೆ ಎರಡೂ ಒಂದೇ ಥರ ಕಂಡವು. ಬೇರೆ ಮಾಡಿ ತೋರಿಸಿದ್ದು ಕಾರಣ. ನನ್ನ ವಾದದ ಗಟ್ಟಿ ಭಾಗ ಇದೇ. ನಮ್ಮ ಮೊಬೈಲಿಗೆ ದಿನವೂ ಬರುವ ಫಾರ್ವರ್ಡ್‌ಗಳಲ್ಲಿ ‘ನೋಡಿ, ನೋಡಿ, ಪ್ರತಿ ಸಲ ಹೀಗೇ ಆಗುತ್ತಿದೆ’ ಎಂಬ ಧಾಟಿಯೇ ಹೆಚ್ಚು. ಮೂರು ಉದಾಹರಣೆ ಕೊಟ್ಟು ನಾಲ್ಕನೆಯದನ್ನು ನಂಬಿಸುವುದು. ಸಂಖ್ಯೆಗಳ ವಿಷಯದಲ್ಲಿ ಒಂಬತ್ತು ಉದಾಹರಣೆಯೂ ಸಾಲದು ಎಂದು ಒಮ್ಮೆ ಕಣ್ಣಾರೆ ಕಂಡವರು, ಹಣ ದುಪ್ಪಟ್ಟಾಗುವ ಸ್ಕೀಮ್ ಆಗಲಿ, ಒಂದು ಸಮುದಾಯದ ಬಗ್ಗೆ ಬರುವ ಮೆಸೇಜ್ ಆಗಲಿ, ‘ಯಾಕೆ’ ಎಂದು ಒಂದು ಸಲವಾದರೂ ಕೇಳುತ್ತಾರೆ ಎಂದು ನನ್ನ ನಂಬಿಕೆ.

ಇನ್ನೊಂದು ಮಾತು ನಮ್ಮ ಅಕೌಂಟೆನ್ಸಿಗೆ ನೇರವಾಗಿ ಸಂಬಂಧಿಸಿದ್ದು. ಕೊನೆಯ ಅಂಕಿಯ ಪರೀಕ್ಷೆ ‘ಇಲ್ಲ’ ಎಂದು ಹೇಳಬಲ್ಲದು, ‘ಹೌದು’ ಎಂದು ಹೇಳಲಾರದು. 26ರ ಕೊನೆಯಲ್ಲಿ 6 ಇದೆ, ಆದರೆ ಅದು ವರ್ಗವಲ್ಲ. 1ರಿಂದ 10,000ದವರೆಗೆ ಲೆಕ್ಕ ಹಾಕಿ. ಆ 22 ಕೊನೆಗಳಲ್ಲಿ ಒಂದನ್ನು ಹೊಂದಿರುವ ಸಂಖ್ಯೆಗಳು 2,200. ನಿಜವಾದ ಪೂರ್ಣ ವರ್ಗಗಳು 100 ಮಾತ್ರ. ಅಂದರೆ ಎರಡಂಕಿ ಪರೀಕ್ಷೆಯಲ್ಲಿ ಪಾಸಾದವರಲ್ಲಿ 2,100 ಮಂದಿ ವರ್ಗವಲ್ಲದವರು!

ತಾಳೆಪಟ್ಟಿ, ಅಂದರೆ ಟ್ರಯಲ್ ಬ್ಯಾಲೆನ್ಸ್ ಕೂಡ ಇಂಥದ್ದೇ ಪರೀಕ್ಷೆ. ಡೆಬಿಟ್ ಕ್ರೆಡಿಟ್ ಸರಿಹೊಂದದಿದ್ದರೆ ಎಲ್ಲೋ ತಪ್ಪಿದೆ ಎಂಬುದು ಖಚಿತ. ಸರಿಹೊಂದಿದರೆ? ಲೆಕ್ಕ ಸರಿ ಎಂದು ಅರ್ಥವಲ್ಲ. ಒಂದು ವ್ಯವಹಾರವನ್ನು ಪೂರ್ತಿ ಬಿಟ್ಟುಬಿಟ್ಟಿದ್ದರೆ ಎರಡೂ ಕಡೆ ಸಮವೇ ಇರುತ್ತದೆ. ಯಂತ್ರ ಖರೀದಿಯನ್ನು ಸರಕು ಖರೀದಿಯ ಖಾತೆಗೆ ಬರೆದರೂ ಸಮವೇ ಇರುತ್ತದೆ. ಇದನ್ನು ನಾವು ಐದು ಅಂಕಗಳ ಪ್ರಶ್ನೆಗೆ ಪಾಯಿಂಟ್ಸ್ ಆಗಿ ಬಾಯಿಪಾಠ ಮಾಡುತ್ತೇವೆ. ವರ್ಗದ ಅಂಕಿಗಳನ್ನು ಕಾರಣ ಸಮೇತ ನೋಡಿದವರಿಗೆ ಬಾಯಿಪಾಠ ಬೇಕಾಗುವುದಿಲ್ಲ. ತೆಗೆದುಹಾಕುವ ಪರೀಕ್ಷೆ ಬೇರೆ, ಒಪ್ಪಿಕೊಳ್ಳುವ ಸಾಕ್ಷಿ ಬೇರೆ.

ಒಂಬತ್ತರ ಪರೀಕ್ಷೆಯೂ ಹೀಗೆ ನಮ್ಮ ಎರಡೂ ಪುಸ್ತಕಗಳಲ್ಲಿ ಬರುತ್ತದೆ. ಒಂದು ಸಂಖ್ಯೆಯ ಅಂಕಿಗಳನ್ನು ಕೂಡುತ್ತಾ ಹೋಗಿ ಒಂದೇ ಅಂಕಿ ಉಳಿಸಿಕೊಳ್ಳಿ. ಪೂರ್ಣ ವರ್ಗವಾದರೆ ಉಳಿಯುವುದು 1, 4, 7, 9 ಇವುಗಳಲ್ಲಿ ಒಂದು. 1,23,456ನ್ನು ತೆಗೆದುಕೊಳ್ಳಿ. ಕೊನೆ 56, ಎರಡಂಕಿ ಪರೀಕ್ಷೆಯಲ್ಲಿ ಪಾಸು. ಅಂಕಿಗಳನ್ನು ಕೂಡಿದರೆ 21, ಮತ್ತೆ ಕೂಡಿದರೆ 3. ಹಾಗಾಗಿ ವರ್ಗವಲ್ಲ. ಇದರ ಹಿಂದಿರುವ ಕಾರಣ: 10 ಅಂದರೆ 9 + 1, 100 ಅಂದರೆ 99 + 1. ಪ್ರತಿ ಸ್ಥಾನದಿಂದ ಒಂಬತ್ತುಗಳನ್ನು ತೆಗೆದರೆ ಅಂಕಿ ಮಾತ್ರ ಉಳಿಯುತ್ತದೆ. ಆಮೇಲೆ 1ರಿಂದ 9ರವರೆಗೆ ವರ್ಗ ಮಾಡಿ ನೋಡಿದರೆ ಆಯಿತು. ಇದೇ ಕಾರಣ ತಾಳೆಪಟ್ಟಿಯಲ್ಲಿ ಕೆಲಸ ಮಾಡುತ್ತದೆ. 72 ಬರೆಯುವಲ್ಲಿ 27 ಬರೆದರೆ ವ್ಯತ್ಯಾಸ 45. 5,400ರ ಬದಲು 4,500 ಬರೆದರೆ ವ್ಯತ್ಯಾಸ 900. ಎರಡೂ 9ರಿಂದ ಭಾಗವಾಗುತ್ತವೆ. ಅದಕ್ಕೇ ಹಳೆಯ ಗುಮಾಸ್ತರು ವ್ಯತ್ಯಾಸ 9ರಿಂದ ಭಾಗವಾದರೆ ಮೊದಲು ಅಂಕಿ ಅದಲುಬದಲಾಗಿದೆಯೇ ಎಂದು ಹುಡುಕುತ್ತಾರೆ.

‘ನಾವು ಕಾಮರ್ಸ್, ನಮಗೆ ಗಣಿತ ಯಾಕೆ’ ಎನ್ನುವ ಗೆಳೆಯರಿಗೆ ಒಂದು ಚರಿತ್ರೆ ಹೇಳಬೇಕು. ಒಂಬತ್ತನೇ ಶತಮಾನದಲ್ಲಿ ನಮ್ಮ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ದೊರೆ ಅಮೋಘವರ್ಷ ನೃಪತುಂಗ. ಅವನ ಕಾಲದಲ್ಲಿ ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಗುಣಿಸಿದಾಗ ಹಾರದಂತೆ ಎರಡೂ ಕಡೆಯಿಂದ ಒಂದೇ ಥರ ಕಾಣುವ ಸಂಖ್ಯೆಗಳನ್ನು ಅವನು ಕೊಡುತ್ತಾನೆ. ಅವುಗಳಲ್ಲಿ ಒಂದು 12345654321. ಇದು ಮೇಲೆ ನೋಡಿದ ಮಾದರಿಯದೇ, 1,11,111ರ ವರ್ಗ. ಅವನ ಪುಸ್ತಕದಲ್ಲಿ ಬಡ್ಡಿ ಲೆಕ್ಕವೂ ಇದೆ, ಚಿನ್ನದ ಬೆರಕೆಯ ಲೆಕ್ಕವೂ ಇದೆ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಬರೆದ ಗಣಿತ ಗ್ರಂಥದ ಹೆಸರೇ ‘ವ್ಯವಹಾರಗಣಿತ’. ಈಗಿನ ಭಾಷೆಯಲ್ಲಿ ಹೇಳಿದರೆ ಬಿಸಿನೆಸ್ ಮ್ಯಾಥ್ಸ್!

ಅಮೋಘವರ್ಷ 814ರಲ್ಲಿ ಪಟ್ಟಕ್ಕೆ ಬಂದ. ಅವನ ಆಳ್ವಿಕೆಯ ಕಾಲದಲ್ಲೇ ಬಾಗ್ದಾದಿನಲ್ಲಿ ಖಲೀಫ ಅಲ್ ಮಾಮೂನ್ ಆಡಳಿತ ನಡೆಸಿದ. ಅವನ ಆಶ್ರಯದಲ್ಲಿ ಅಲ್ ಖ್ವಾರಿಜ್ಮಿ ‘ಅಲ್ ಜಬ್ರ್’ ಪುಸ್ತಕ ಬರೆದ. ವರ್ಗವನ್ನು ಚೌಕದ ಚಿತ್ರ ಬಿಡಿಸಿ ಕಾರಣ ಸಮೇತ ವಿವರಿಸಿದ. ಅದೇ ಪುಸ್ತಕದ ಕೊನೆಯ ದೊಡ್ಡ ಭಾಗ ವಿರಾಸತ್, ಅಂದರೆ ಆಸ್ತಿ ಹಂಚಿಕೆಯ ಲೆಕ್ಕ. ವ್ಯಾಪಾರದ ಲೆಕ್ಕವೂ ಅದರಲ್ಲಿದೆ. ಭಾರತದ ಅಂಕಿಗಳ ಬಗ್ಗೆಯೂ ಅವನು ಬರೆದ. ಆ ಅಂಕಿಗಳು ಅಲ್ಲಿಂದ ಯುರೋಪಿಗೆ ಹೋದವು. ಅವನ ಹೆಸರಿನಿಂದಲೇ ‘ಅಲ್ಗಾರಿದಮ್’ ಎಂಬ ಪದ ಬಂತು. 851ರ ಅರಬ್ ಬರಹದಲ್ಲಿ ವ್ಯಾಪಾರಿ ಸುಲೈಮಾನ್ ರಾಷ್ಟ್ರಕೂಟ ದೊರೆಯನ್ನು ಜಗತ್ತಿನ ನಾಲ್ಕು ದೊಡ್ಡ ರಾಜರಲ್ಲಿ ಒಬ್ಬ ಎಂದು ಎಣಿಸಿದ್ದನ್ನು ನಮ್ಮ ಇತಿಹಾಸದ ವಿದ್ಯಾರ್ಥಿಗಳು ಓದಿದ್ದಾರೆ. ಮಳಖೇಡವಾಗಲಿ ಬಾಗ್ದಾದ್ ಆಗಲಿ, ಗಣಿತ ಮತ್ತು ಅಂಗಡಿ ಬೇರೆ ಬೇರೆ ಇರಲಿಲ್ಲ. ನಾವು ಈ ಎರಡೂ ಮನೆಯ ಮಕ್ಕಳು. ಗಣಿತ ಬೇರೆಯವರ ಸೊತ್ತು ಎಂದು ದೂರ ನಿಲ್ಲಲು ನಮಗೆ ಯಾವ ಕಾರಣವೂ ಇಲ್ಲ.

ಇನ್ನು ಆಕ್ಷೇಪಣೆಗಳು. ‘ಪರೀಕ್ಷೆಯಲ್ಲಿ ಕಾರಣ ಕೇಳುವುದಿಲ್ಲ, ಉತ್ತರ ಟಿಕ್ ಮಾಡಿದರೆ ಸಾಕು, ಸಮಯ ಇಲ್ಲ’ ಎನ್ನುತ್ತಾರೆ. ಇದು ಸುಳ್ಳಲ್ಲ. ಆದರೆ ಮೇಲೆ ಬಂದ ಟ್ರಿಕ್‌ಗಳನ್ನು ಎಣಿಸಿ. ಕೊನೆಯ ಅಂಕಿ, 5ರ ವರ್ಗ, ಹತ್ತರ ಸ್ಥಾನದ ಸಮ ಬೆಸ, 50ರ ಆಚೀಚೆ. ನಾಲ್ಕೂ ಬೇರೆ ಬೇರೆ ಟ್ರಿಕ್ ಎಂದು ಬರೆದುಕೊಂಡರೆ ನಾಲ್ಕು ನೆನಪು. ಕಾರಣ ನೋಡಿದರೆ ನಾಲ್ಕೂ ಒಂದೇ: ಸಂಖ್ಯೆಯನ್ನು ಎರಡು ಭಾಗ ಮಾಡಿ ಗುಣಿಸುವುದು. ಕಾರಣ ಕಲಿಯುವುದರಿಂದ ಸಮಯ ಉಳಿಯುತ್ತದೆ.

ಎರಡನೇ ಕಷ್ಟ ನಿಜವಾದದ್ದು, ಅದರ ಬಗ್ಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಕಾಲೇಜಿನಲ್ಲಿ ಹೈಸ್ಕೂಲನ್ನು ಉರ್ದು ಮಾಧ್ಯಮದಲ್ಲಿ ಓದಿ ಬಂದವರಿದ್ದಾರೆ, ಕನ್ನಡದಲ್ಲಿ ಓದಿ ಬಂದವರಿದ್ದಾರೆ. ಪಾಠ ಇಂಗ್ಲಿಷಿನಲ್ಲಿ. ಟ್ರಿಕ್ಕಿಗೆ ಭಾಷೆ ಬೇಡ, ಬೋರ್ಡ್ ನೋಡಿ ಬರೆದುಕೊಂಡರೆ ಆಯಿತು. ಕಾರಣಕ್ಕೆ ಭಾಷೆ ಬೇಕು. ‘ಯಾಕೆ ಸಾರ್’ ಎಂದು ಕೇಳಲು ಬಾಯಿ ಬರುವುದಿಲ್ಲ, ಇಂಗ್ಲಿಷ್ ತಪ್ಪಾದರೆ ಹಿಂದಿನ ಬೆಂಚಿನವರು ನಗುತ್ತಾರೆ. ಹೀಗಾಗಿ ಸುಮ್ಮನೆ ಟ್ರಿಕ್ ಬರೆದುಕೊಳ್ಳುತ್ತಾರೆ. ದಡ್ಡರಾಗಿ ಅಲ್ಲ, ಕೇಳುವ ಭಾಷೆ ಸಿಗದೆ. ಮೊದಲ ಪಿಯುಸಿಗೆ ಸೇರುವಾಗ ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್ ಬೇಡ ಎಂದು ದೂರ ಸರಿಯುವ ಕೆಲವರ ಹಿಂದೆಯೂ ಇದೇ ಭಯ ಇದೆ.

ಅಂಕಿಗಳ ಪಾಠ ಇಲ್ಲಿ ಸಹಾಯಕ್ಕೆ ಬರುತ್ತದೆ. ಕನ್ನಡದ ವರ್ಗ, ಉರ್ದುವಿನ ಮುರಬ್ಬಾ, ಇಂಗ್ಲಿಷಿನ ಸ್ಕ್ವೇರ್, ಮೂರರಲ್ಲೂ 47 × 47 ಒಂದೇ. (ಮುರಬ್ಬಾ ಅಂದಾಗ ನಮ್ಮಲ್ಲಿ ಕೆಲವರಿಗೆ ಮೊದಲು ಮಾವಿನ ಮುರಬ್ಬಾ ನೆನಪಾಗುತ್ತದೆ, ಅದು ಬೇರೆ ವಿಷಯ.) ಕಾರಣವನ್ನು ದಖನಿಯಲ್ಲಿ ಹೇಳಿದರೂ ಅದು ಕಾರಣವೇ. ಗಣಿತಕ್ಕೆ ಉಚ್ಚಾರಣೆಯ ಮಾರ್ಕ್ಸ್ ಇಲ್ಲ.

ನನ್ನ ಕೋರಿಕೆ ಮೂರು. ಒಂದು, ಆಪ್ಟಿಟ್ಯೂಡ್ ಕಲಿಸುವ ಉಪನ್ಯಾಸಕರು ಪ್ರತಿ ತರಗತಿಯ ಕೊನೆಯ ಐದು ನಿಮಿಷ ಅಂದಿನ ಒಂದೇ ಒಂದು ಟ್ರಿಕ್ಕಿನ ಕಾರಣಕ್ಕೆ ಇಡಲಿ. ಎಲ್ಲದಕ್ಕೂ ಬೇಡ, ಒಂದಕ್ಕೆ ಸಾಕು. ವಿದ್ಯಾರ್ಥಿಗಳು ಕಾರಣವನ್ನು ಕನ್ನಡ, ಉರ್ದು, ಇಂಗ್ಲಿಷ್ ಯಾವುದರಲ್ಲಾದರೂ ಹೇಳಲು ಅವಕಾಶವಿರಲಿ. ಎರಡು, ಮೆಟ್ಟಿಲ ಬಳಿಯ ನೋಟಿಸ್ ಬೋರ್ಡಿನ ಒಂದು ಮೂಲೆಯಲ್ಲಿ ವಾರಕ್ಕೊಂದು ಸಂಖ್ಯೆಗಳ ಮಾದರಿ ಹಾಕೋಣ. ಪ್ರಶ್ನೆ ಒಂದೇ: ಇದು ಮುರಿಯುತ್ತದೆಯೋ ಇಲ್ಲವೋ, ಯಾಕೆ? ಸೈನ್ಸ್, ಕಾಮರ್ಸ್, ಆರ್ಟ್ಸ್ ಎಲ್ಲರೂ ಉತ್ತರಿಸಬಹುದು. ಮೂರು, ಇದು ನಮಗೆ ನಾವೇ ಹಾಕಿಕೊಳ್ಳಬೇಕಾದ ನಿಯಮ. ಗ್ರೂಪಿಗೆ ಯಾರಾದರೂ ಟ್ರಿಕ್ ಕಳಿಸಿದರೆ ‘ಸೂಪರ್’ ಎಂದು ಬರೆಯುವ ಮೊದಲು ‘ಯಾಕೆ?’ ಎಂದು ಬರೆಯೋಣ. ಕೇಳಿದವರನ್ನು ನೋಡಿ ನಗುವುದನ್ನು ನಿಲ್ಲಿಸೋಣ.

ಮೊದಲ ವಾರದ ಪ್ರಶ್ನೆಯನ್ನು ಇಲ್ಲೇ ಕೊಡುತ್ತೇನೆ. 11, 111, 1111, 11111... ಹೀಗೆ ಒಂದುಗಳಿಂದಲೇ ಆದ ಈ ಸಾಲಿನಲ್ಲಿ ಎಲ್ಲಾದರೂ ಒಂದು ಪೂರ್ಣ ವರ್ಗ ಸಿಗುತ್ತದೆಯೇ? ಉತ್ತರಕ್ಕೆ ಬೇಕಾದದ್ದೆಲ್ಲ ಈ ಲೇಖನದಲ್ಲೇ ಇದೆ. ‘ಹೌದು’ ಅಥವಾ ‘ಇಲ್ಲ’ ಎಂದು ಮಾತ್ರ ಬರೆದ ಚೀಟಿ ಬೇಡ. ಕಾರಣ ಬರೆದು ಕೊಡಿ.